ಇಳಿಸಿದ ಕಮಾನು

ಆ ಊರಿಗೆ ನಾನು ಹೋಗಿದ್ದು ಒಂದೇ ಸಲ. ಮೆಡಿಟರೇನಿಯನ್ ಸಮುದ್ರದಿಂದ ಸ್ವಲ್ಪ ಒಳಗೆ, ಸುಣ್ಣಕಲ್ಲಿನ ಬೆಟ್ಟವೊಂದರ ಹೆಗಲ ಮೇಲೆ ಅದು ಇದೆ. ಗ್ರೀಕರು ಕಟ್ಟಲು ಶುರುಮಾಡಿ, ರೋಮನ್ನರು ಬೆಳೆಸಿ, ಆಮೇಲೆ ಯಾವಾಗಲೋ ಜನ ಬಿಟ್ಟುಹೋದ ಊರು. ಈಗ ಅಲ್ಲಿ ಉಳಿದಿರುವುದು ಕಂಬಗಳ ಒಂದು ಬೀದಿ, ಮಾಡು ಕಳೆದುಕೊಂಡ ಸ್ನಾನಗೃಹ, ಬೆಟ್ಟದ ಇಳಿಜಾರಿನಲ್ಲಿ ಅರ್ಧಚಂದ್ರದ ಆಕಾರದ ಒಂದು ರಂಗಮಂದಿರ. ಊರಿನ ಹೆಸರು ಬರೆಯುವುದಿಲ್ಲ. ನಮ್ಮ ಕೆಲಸದ ಒಪ್ಪಂದ ಹಾಗಿದೆ. ಹೇಳಬೇಕಾದದ್ದಕ್ಕೆ ಹೆಸರಿನ ಅಗತ್ಯವೂ ಇಲ್ಲ.

ನಾನು ಕೆಲಸ ಮಾಡುವುದು ಸಿಂಗಪುರದಲ್ಲಿ, ರಾಫೆಲ್ಸ್ ಪ್ಲೇಸಿನ ಬ್ಯಾಂಕುಗಳ ನಡುವೆ ಒಂದು ಮಹಡಿಯ ಮೂಲೆ ಹಿಡಿದುಕೊಂಡಿರುವ ಸಣ್ಣ ಸರ್ವೆ ಕಂಪನಿಯಲ್ಲಿ. ಹಳೆಯ ಕಟ್ಟಡಗಳನ್ನು ಲೇಸರ್‌ನಿಂದ ಅಳೆದು, ಕಂಪ್ಯೂಟರಿನೊಳಗೆ ಅವುಗಳ ಪ್ರತಿರೂಪ ಕಟ್ಟುತ್ತೇವೆ. ಆ ಪಾಳುನಗರದ ಬಗ್ಗೆ ಸಿಂಗಪುರದಲ್ಲಿ ಒಂದು ಪ್ರದರ್ಶನ ಆಗಬೇಕಿತ್ತು. ನೋಡಲು ಬಂದವರು ಊರಿನೊಳಗೇ ನಡೆದಾಡಿದಂತೆ ಅನ್ನಿಸಬೇಕು, ಅದಕ್ಕೆ ಬೇಕಾದ ಅಳತೆ ನಮ್ಮದು. ಅಳತೆಯ ಒಂದು ಪ್ರತಿಯನ್ನು ಸ್ಥಳದವರಿಗೂ ಕೊಡಬೇಕೆಂದು ಮಾತಾಗಿತ್ತು.

ಯಂತ್ರವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿದರೆ ಅದು ತಾನೇ ಸುತ್ತುತ್ತಾ ಕಿರಣ ಬೀಸುತ್ತದೆ. ಕಿರಣ ತಗುಲಿದ ಪ್ರತಿ ಜಾಗವೂ ಒಂದು ಬಿಂದುವಾಗಿ ದಾಖಲಾಗುತ್ತದೆ. ಒಂದು ಕಡೆಯಿಂದ ಕಾಣದ್ದು ಇನ್ನೊಂದು ಕಡೆಯಿಂದ ಕಾಣಬೇಕು. ಹಾಗಾಗಿ ಟ್ರೈಪಾಡ್ ಹೊತ್ತು ಇಡೀ ಬೆಟ್ಟ ಅಲೆಯಬೇಕು. ಹಾಗೆ ಬಂದ ತುಂಡುಗಳನ್ನು ಆಮೇಲೆ ಒಂದಕ್ಕೊಂದು ಹೊಂದಿಸಿ ಕೂರಿಸಲು ಅಲುಗದ ಗುರುತುಗಳು ಬೇಕು. ಅದಕ್ಕಾಗಿ ನೆಲದಲ್ಲಿ ಅಲ್ಲಲ್ಲಿ ಉಕ್ಕಿನ ಮೊಳೆ ಹೊಡೆದೆವು. ಗಾಳಿ ಬಂದರೆ ಟ್ರೈಪಾಡ್ ನಡುಗುತ್ತಿತ್ತು. ಪ್ರವಾಸಿಗಳು ಕಿರಣಕ್ಕೆ ಅಡ್ಡ ಬಂದು, ದತ್ತಾಂಶದಲ್ಲಿ ಹೊಗೆಯ ಗೆರೆಗಳಂತೆ ಉಳಿದುಬಿಡುತ್ತಿದ್ದರು.

ಜೊತೆಗೆ ಸದಾ ಇರುತ್ತಿದ್ದವರು ಆ ಸ್ಥಳದ ಉಸ್ತುವಾರಿ ಹೊತ್ತ ವಾಸ್ತುಶಿಲ್ಪಿ. ಐವತ್ತು ದಾಟಿದ ಹೆಂಗಸು, ಅದೇ ಬೆಟ್ಟದ ಕೆಳಗಿನ ಊರಿನವರು. ಮಾತು ಕಡಿಮೆ. ಯಾರಾದರೂ ಕಂಬಕ್ಕೆ ಒರಗಿ ನಿಂತರೆ ಮಾತ್ರ ದೂರದಿಂದಲೇ ಗದರುತ್ತಿದ್ದರು. ಒಂದು ಮಧ್ಯಾಹ್ನ ರಂಗಮಂದಿರದ ಮೆಟ್ಟಿಲಾಸನದ ಮೇಲೆ ಕೂತು ಬ್ರೆಡ್ಡು, ಆಲಿವ್ ತಿನ್ನುತ್ತಿದ್ದಾಗ ಅವರು ಕಲ್ಲನ್ನು ತಟ್ಟಿ, "ಇದನ್ನು ಕಟ್ಟಿದ್ದಲ್ಲ, ಬೆಟ್ಟವನ್ನೇ ಕಡಿದು ಮಾಡಿದ್ದು" ಅಂದರು. ನಮ್ಮ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಗ್ರೀಕರಿಗೆ ಬೆಟ್ಟ ಸಾಕಾಗಿತ್ತು. ರೋಮನ್ನರಿಗೆ ಜಾಗ ಸಾಲಲಿಲ್ಲ, ಪಕ್ಕದಲ್ಲಿ ಮಣ್ಣು ತುಂಬಿ ಕಟ್ಟಿದರು."

ರೋಮನ್ನರು ಹಾಗೆ ಸೇರಿಸಿದ ಭಾಗದಲ್ಲೇ ರಂಗಮಂದಿರಕ್ಕೆ ಒಳಹೋಗುವ ದಾರಿ ಇತ್ತು: ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಒತ್ತಿ ನಿಂತ ಕಮಾನಿನ ಒಂದು ಗಿಡ್ಡ ಸುರಂಗ. ಅದರ ನೆತ್ತಿಯ ಕಲ್ಲಿನಲ್ಲಿ ಮೂಗು ಸವೆದ ಒಂದು ಮುಖ. ಆ ಊರಿನವರು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು. ಹೊಸದಾಗಿ ಮದುವೆಯಾದವರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಮದುಮಗಳು ನಗುತ್ತಾ ತಲೆ ತಗ್ಗಿಸುತ್ತಿದ್ದಳು. ನಾನಿದ್ದಾಗಲೇ ಅಂಥ ಎರಡು ಜೋಡಿ ಬಂದು, ನನ್ನ ಯಂತ್ರವನ್ನು ಆಚೆ ಸರಿಸಲು ಹೇಳಿದ್ದರು.

ಸಿಂಗಪುರಕ್ಕೆ ಮರಳಿದ ಮೇಲೆ ತಿಂಗಳುಗಟ್ಟಲೆ ಮೇಜಿನ ಕೆಲಸ. ನಾನು ಹೋದಾಗ ರಂಗಮಂದಿರದ ಹಿಂಗೋಡೆಯ ಒಂದು ಪಕ್ಕಕ್ಕೆ ದುರಸ್ತಿಗಾಗಿ ಕಬ್ಬಿಣದ ಅಟ್ಟಣಿಗೆ ಕಟ್ಟಿದ್ದರಿಂದ ಅಷ್ಟು ಭಾಗ ಅಳತೆಗೆ ಸಿಕ್ಕಿರಲಿಲ್ಲ. ಚಳಿಗಾಲದಲ್ಲಿ ಅಟ್ಟಣಿಗೆ ಬಿಚ್ಚಿದರು. ಅಲ್ಲಿನದೇ ಒಂದು ಸರ್ವೆ ತಂಡ ಆ ಭಾಗವನ್ನು ಸ್ಕ್ಯಾನ್ ಮಾಡಿ ನಮಗೆ ಕಳಿಸಿತು. ಆ ಚಳಿಗಾಲದಲ್ಲಿ ಅಲ್ಲಿ ಮಳೆ ಜೋರಾಗಿತ್ತು ಎಂದು ವಾಸ್ತುಶಿಲ್ಪಿ ಮೇಲ್‌ನಲ್ಲಿ ಬರೆದಿದ್ದರು.

ಹೊಸ ಸ್ಕ್ಯಾನನ್ನು ಹಳೆಯದರ ಮೇಲೆ ಕೂರಿಸಿದಾಗ ಎರಡರ ನಡುವಿನ ವ್ಯತ್ಯಾಸವನ್ನು ಬಣ್ಣದಲ್ಲಿ ನೋಡುವುದು ವಾಡಿಕೆ. ನೀಲಿ ಇದ್ದರೆ ಏನೂ ಬದಲಾಗಿಲ್ಲ, ಕೆಂಪು ಇದ್ದರೆ ಬದಲಾಗಿದೆ. ಹಿಂಗೋಡೆ ಪೂರ್ತಿ ನೀಲಿ ಬಂತು. ಅದರ ಅಂಚಿನಲ್ಲಿ, ಯಾರೂ ಕೇಳದೆ ಸ್ಕ್ಯಾನಿಗೆ ಬಂದು ಸೇರಿದ್ದ, ಇಳಿಜಾರಿನ ಬದಿಯಲ್ಲಿ ಕಮಾನನ್ನು ಹೊತ್ತಿದ್ದ ಸುರಂಗದ ಹೊರಗಂಬ ಮಾತ್ರ ಕೆಂಪಾಗಿತ್ತು. ಬುಡದಲ್ಲಿ ಹಳದಿ, ಮೇಲೆ ಹೋದಂತೆ ಕೆಂಪು, ಕಮಾನು ಶುರುವಾಗುವಲ್ಲಿ ಕಡುಗೆಂಪು. ಅಂದರೆ ಕಂಬ ಇಳಿಜಾರಿನ ಕಡೆಗೆ ವಾಲುತ್ತಿದೆ. ಬೆರಳಿನಗಲವೂ ಇಲ್ಲದ ವ್ಯತ್ಯಾಸ, ಆದರೆ ಒಂದು ಬೇಸಿಗೆ ಮತ್ತು ಅರ್ಧ ಚಳಿಗಾಲದಲ್ಲಿ ಆದದ್ದು.

ನಮ್ಮ ಡೈರೆಕ್ಟರ್ ಸಿಂಗಪುರದವರೇ, ಚೀನಿ ಮನೆತನದವರು, ಎಚ್ಚರದ ಮನುಷ್ಯ. ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು.

"ಎರಡು ಬೇರೆ ಯಂತ್ರ, ಎರಡು ಬೇರೆ ತಂಡ. ಇದು ಜೋಡಣೆಯ ದೋಷ ಇರಬಹುದಲ್ಲ?"

"ಇರಬಹುದು."

"ಹಾಗಿದ್ದರೆ ಮೊದಲು ಅದನ್ನು ತಿಳಿದುಕೊಳ್ಳಿ. ಆ ದಾರಿ ಮುಚ್ಚಿ ಅಂತ ಇಲ್ಲಿಂದ ಹೇಳಿದರೆ ರಂಗಮಂದಿರವೇ ಮುಚ್ಚಿದ ಹಾಗೆ. ಊರಿನವರ ಇಡೀ ಪ್ರವಾಸಿ ಕಾಲ ಹೋಗುತ್ತದೆ. ನಾವು ಹೇಳಿದ್ದು ಸುಳ್ಳಾದರೆ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದು ಜೋಡಣೆಯ ದೋಷವೇ ಆಗಿರಲಿ ಎಂದು ನಾನೂ ಬಯಸಿದೆ. ಮೊಳೆಗಳ ಗುರುತುಗಳನ್ನು ಒಂದೊಂದಾಗಿ ಬಿಟ್ಟು ಮತ್ತೆ ಮತ್ತೆ ಜೋಡಿಸಿ ನೋಡಿದೆ. ಪರಿಸ್ಥಿತಿ ಇನ್ನೂ ಕೆಟ್ಟಿತು. ಒಂದು ಮೊಳೆ ಬಿಟ್ಟರೆ ಕಂಬದ ಕೆಂಪು ಮಾಯವಾಗಿ ಹಿಂಗೋಡೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಇನ್ನೊಂದು ಬಿಟ್ಟರೆ ಎರಡೂ ಕಡೆ ಮಸುಕು ಕೆಂಪು. ಕಂಬ ಸರಿದಿರಬಹುದು, ಇಲ್ಲವೇ ಮೊಳೆಗಳೇ ಸರಿದಿರಬಹುದು. ಯಾವುದನ್ನು ಅಲುಗದ್ದೆಂದು ನಂಬಿ ಇನ್ನೊಂದನ್ನು ಅಳೆಯಬೇಕೋ ಅದೇ ಗೊತ್ತಾಗದೆ ಹೋದರೆ ನಮ್ಮ ಕೆಲಸದಲ್ಲಿ ಕಾಲಿಡಲು ಜಾಗವೇ ಇರುವುದಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಯೋಚನೆ. ಆ ವಾರವೂ ಅಲ್ಲಿ ಮಳೆ ಬೀಳುತ್ತಿತ್ತು. ಜನ ಆ ಕಮಾನಿನ ಕೆಳಗೆ ಮಳೆಗೆ ನಿಲ್ಲುತ್ತಾರೆ ಎನ್ನುವುದು ನನ್ನ ತಲೆಯಿಂದ ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಾಸಿರ್ ರಿಸ್‌ನಿಂದ ಎಂಆರ್‌ಟಿ ರೈಲಿನಲ್ಲಿ ಆಫೀಸಿಗೆ ಬರುತ್ತಿದ್ದೆ. ಮೊದಲ ನಿಲ್ದಾಣವಾದ್ದರಿಂದ ಕೂರಲು ಸೀಟು ಸಿಗುತ್ತದೆ. ಮೊಳೆಗಳನ್ನು ಎಲ್ಲೆಲ್ಲಿ ಹೊಡೆದಿದ್ದೆವೆಂದು ಮನಸ್ಸಿನಲ್ಲೇ ಬೆಟ್ಟ ಸುತ್ತುತ್ತಿದ್ದಾಗ, ಬಹುಪಾಲು ಮೊಳೆಗಳು ರೋಮನ್ನರು ತುಂಬಿದ ಮಣ್ಣಿನ ಮೇಲೆ ಇವೆ ಎನ್ನುವುದು ಹೊಳೆಯಿತು. ಓಡಾಡಲು ಅನುಕೂಲವಾದ ಸಮತಟ್ಟು ಜಾಗ ಅದೊಂದೇ ಆಗಿತ್ತು. ಮಳೆ ನೀರು ಕುಡಿದರೆ ಆ ಮಣ್ಣೆಲ್ಲ ಅಷ್ಟಿಷ್ಟು ಅಲುಗುತ್ತದೆ. ಅಲುಗದೆ ಇರುವುದು ಒಂದೇ, ಬೆಟ್ಟವನ್ನೇ ಕಡಿದು ಮಾಡಿದ ಆ ಆಸನಗಳು.

ಆಫೀಸಿಗೆ ಹೋದವಳೇ ಮೊಳೆಗಳನ್ನೆಲ್ಲ ಕೈಬಿಟ್ಟೆ. ಅದೃಷ್ಟಕ್ಕೆ ಎರಡೂ ಸ್ಕ್ಯಾನ್‌ಗಳಲ್ಲಿ ಆಸನಗಳ ಒಂದು ಭಾಗ ಬಂದಿತ್ತು. ಮೇಲೆ ಬೆಳೆದ ಹುಲ್ಲು, ಬಿದ್ದ ಎಲೆ ಎಲ್ಲ ತೆಗೆದು, ಬರೀ ಬಂಡೆಯನ್ನು ಬಂಡೆಯ ಮೇಲೆ ಕೂರಿಸಿದೆ. ಆಸನಗಳು ಕಡುನೀಲಿಯಾದವು. ಹಿಂಗೋಡೆ ನೀಲಿ. ಹೊರಗಂಬ ಕೆಂಪು, ಮೊದಲಿಗಿಂತ ಗಾಢವಾಗಿ. ಮೊಳೆಗಳೂ ಅದೇ ದಿಕ್ಕಿಗೆ ಸ್ವಲ್ಪ ಸರಿದಿದ್ದರಿಂದ ಕಂಬ ಎಷ್ಟು ವಾಲಿದೆ ಎನ್ನುವುದನ್ನು ನಾನು ಕಡಿಮೆಯಾಗಿಯೇ ನೋಡಿದ್ದೆ.

ಡೈರೆಕ್ಟರ್ ಈ ಸಲ ಪ್ರಶ್ನೆ ಕೇಳಲಿಲ್ಲ. "ಫೋನ್ ಮಾಡಿ" ಅಂದರು.

ನಮಗೆ ಮಧ್ಯಾಹ್ನವಾದಾಗ ಅಲ್ಲಿ ಬೆಳಿಗ್ಗೆ. ವಾಸ್ತುಶಿಲ್ಪಿ ವಿಡಿಯೋ ಕರೆಗೆ ಬಂದಾಗ ಒದ್ದೆ ಕೋಟನ್ನು ಇನ್ನೂ ತೆಗೆದಿರಲಿಲ್ಲ. ಬಣ್ಣದ ಚಿತ್ರ ತೋರಿಸಿ ಎಲ್ಲ ವಿವರಿಸಿದೆ.

"ನಾನು ದಿನಾ ಅದರ ಕೆಳಗೆ ಹೋಗುತ್ತೇನೆ. ಏನೂ ಕಂಡಿಲ್ಲ" ಅಂದರು ಕೊನೆಗೆ.

"ಕಣ್ಣಿಗೆ ಕಾಣುವಷ್ಟು ಇಲ್ಲ."

"ತಪ್ಪಾಗಿರುವ ಸಾಧ್ಯತೆ?"

"ಇದೆ. ಆದರೆ ಆ ಸಾಧ್ಯತೆಯನ್ನು ನಂಬಿ ನಾನಾಗಿದ್ದರೆ ಅದರ ಕೆಳಗೆ ಹೋಗುತ್ತಿರಲಿಲ್ಲ."

ಅವರು ಎದ್ದು ಹೋದರು. ಪರದೆಯಲ್ಲಿ ಖಾಲಿ ಕುರ್ಚಿ. ಕರೆ ಕಡಿದುಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಹಿಂದಿರುಗಿ, ಹಗ್ಗ ಕಟ್ಟಲು ಕಾವಲುಗಾರನನ್ನು ಕಳಿಸಿದ್ದೇನೆ ಎಂದರು. ಆವತ್ತು ಸಂಜೆಯೊಳಗೆ ಒಂದು ಫೋಟೋ ಬಂತು. ಕಮಾನಿನ ಬಾಯಿಗೆ ಕೆಂಪು ಬಿಳಿ ಪಟ್ಟಿ, ಅದರ ಮುಂದೆ ಕೊಡೆ ಹಿಡಿದ ಒಬ್ಬ ಮನುಷ್ಯ.

ಆಮೇಲಿನ ವಾರಗಳಲ್ಲಿ ಅಲ್ಲಿನ ಸರ್ವೆ ತಂಡ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಕಳಿಸಿತು. ನಾನು ಬಂಡೆಯ ಮೇಲೆ ಬಂಡೆ ಕೂರಿಸಿ ನೋಡುತ್ತಾ ಹೋದೆ. ಪ್ರತಿ ಸಲವೂ ಕಂಬ ಇನ್ನಷ್ಟು ವಾಲಿತ್ತು. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು, ನಿಲ್ಲದೆ. ಒಮ್ಮೆ ಮಾತ್ರ ಹಿಂದಕ್ಕೆ ಬಂದಂತೆ ಕಂಡಿತು. ಎರಡು ದಿನ ನಾನು ನೆಮ್ಮದಿಯಾಗಿದ್ದೆ. ನೋಡಿದರೆ ಆವತ್ತು ಬಿಸಿಲಿಗೆ ಯಂತ್ರ ಕಾದು ಬಂದ ದೋಷ ಅದು. ಆ ಸ್ಕ್ಯಾನನ್ನು ಪಕ್ಕಕ್ಕಿಡಬೇಕಾಯಿತು.

ಸ್ಥಳದ ಮೇಲ್ವಿಚಾರಣಾ ಸಮಿತಿ ಸಭೆ ಕರೆಯಿತು. ಮುಂದೆ ಎರಡು ದಾರಿಗಳಿದ್ದವು. ಸುರಂಗದೊಳಗೆ ಮರಳುಚೀಲ ತುಂಬಿ, ಮರದ ಚೌಕಟ್ಟು ಕೊಟ್ಟು, ವಸಂತದ ಮಳೆ ಮುಗಿಯುವವರೆಗೆ ಕಾಯುವುದು ಒಂದು. ಅದೇ ಆಧಾರ ಕೊಟ್ಟು, ಕಮಾನನ್ನು ಒಂದೊಂದೇ ಕಲ್ಲಾಗಿ ಬಿಚ್ಚಿ ಇಳಿಸಿ, ಬುಡ ಸರಿಮಾಡಿ, ಮುಂದೆ ಮತ್ತೆ ಕಟ್ಟುವುದು ಇನ್ನೊಂದು.

ನಮ್ಮ ಕಂಪನಿಗೆ ಸಲಹೆ ಕೊಡುತ್ತಿದ್ದ ಸ್ಟ್ರಕ್ಚರಲ್ ಎಂಜಿನಿಯರ್ ಧಾರವಾಡದವರು. ಸಿಂಗಪುರಕ್ಕೆ ಬಂದು ಬಹಳ ವರ್ಷವಾಗಿ, ನನ್ನ ಜೊತೆ ಬೆಂಗಳೂರಿನ ಕನ್ನಡದಲ್ಲೇ ಮಾತಾಡುತ್ತಿದ್ದರು. ಸಭೆಯ ಹಿಂದಿನ ದಿನ ಇಬ್ಬರೂ ಲಿಟಲ್ ಇಂಡಿಯಾಗೆ ಊಟಕ್ಕೆ ಹೋದೆವು. ಸೆರಂಗೂನ್ ರೋಡಿನ ಹೋಟೆಲು, ಬಾಳೆ ಎಲೆ ಊಟ, ಪಕ್ಕದ ಟೇಬಲಿನಲ್ಲಿ ಆಫೀಸಿನವರ ಗದ್ದಲ.

"ನೀವೇನು ಹೇಳ್ತೀರಾ ನಾಳೆ?" ಅಂತ ಕೇಳಿದರು.

"ಡೇಟಾ ಏನಿದೆಯೋ ಅದು ಹೇಳ್ತೀನಿ ಸರ್."

"ಡೇಟಾ ತೋರಿಸಿದ್ರೆ ಅವ್ರು ಪ್ಯಾನಿಕ್ ಆಗ್ತಾರೆ ಮೇಡಂ. ಇಳಿಸಿಬಿಡಿ ಅಂತಾರೆ. ಸಪೋರ್ಟ್ ಕೊಟ್ಟು ಬಿಟ್ಬಿಡಿ ಸಾಕು. ಹೊರಗಡೆ ಮಣ್ಣಲ್ಲಿ ನೀರು ಡ್ರೈನ್ ಆಗೋ ಹಾಗೆ ಮಾಡ್ಲಿ. ಮಳೆ ನಿಂತ ಮೇಲೆ ಅದೂ ನಿಲ್ಲುತ್ತೆ."

"ಸಪೋರ್ಟ್ ನಿಲ್ಲೋದೂ ಅದೇ ಮಣ್ಣಿನ ಮೇಲೆ ಅಲ್ವಾ ಸರ್? ಇಳಿಜಾರು ಕುಸಿದ್ರೆ ಎಲ್ಲಾ ಒಟ್ಟಿಗೆ ಕೆಳಗೆ ಹೋಗುತ್ತೆ. ಆಮೇಲೆ ಕಟ್ಟೋಕೆ ಕಲ್ಲೂ ಉಳಿಯಲ್ಲ."

"ಕುಸಿದ್ರೆ. ಕುಸಿಯುತ್ತೆ ಅಂತ ನಿಮ್ಮ ಡೇಟಾ ಹೇಳುತ್ತಾ?"

"ಇಲ್ಲ. ವಾಲ್ತಾ ಇದೆ, ನಿಧಾನ ಆಗ್ತಾ ಇಲ್ಲ, ಅಷ್ಟೇ ಹೇಳುತ್ತೆ."

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಧಾರವಾಡ ಬರುತ್ತಿತ್ತು.

"ನೋಡ್ರಿ, ಗಾರೆ ಇಲ್ಲದ ಕಮಾನು ಅದು. ಎರಡು ಸಾವಿರ ವರ್ಷ ಒಂದಕ್ಕೊಂದು ಒತ್ತಿ ಒತ್ತಿ ಕುಂತಾವು ಆ ಕಲ್ಲು. ಒಂದ್ಸಲ ಬಿಚ್ಚಿದ ಮ್ಯಾಲೆ ಅದು ಅದೇ ಕಮಾನು ಆಗಂಗಿಲ್ರಿ. ನೀವು ಕಟ್ಟೋದು ಹಳೇ ಕಲ್ಲಿನ ಹೊಸ ಕಮಾನು."

"ಗೊತ್ತು ಸರ್."

"ಗೊತ್ತಿದ್ರೆ ಸ್ವಲ್ಪ ತಡಕೊಂಡು ಮಾತಾಡ್ರಿ ನಾಳೆ."

ಊಟ ಮುಗಿಸಿ ಎದ್ದೆವು. ಸ್ಟೇಷನ್ನಿನ ಕಡೆ ನಡೆಯುವಾಗ ಅವರೇ, "ಬೇಜಾರು ಮಾಡ್ಕೋಬೇಡಿ, ನಿಮ್ಮ ಜಾಗದಲ್ಲಿ ಇದ್ದಿದ್ರೆ ನನಗೂ ಭಯ ಆಗ್ತಿತ್ತು" ಅಂದರು. ನನಗೆ ಬೇಜಾರಾಗಿರಲಿಲ್ಲ. ಅವರು ಹೇಳಿದ್ದರಲ್ಲಿ ತಳ್ಳಿಹಾಕುವಂಥದ್ದು ಏನೂ ಸಿಗದೆ ಕಳವಳವಾಗಿತ್ತು.

ಸಭೆಯಲ್ಲಿ ಪರದೆಯ ತುಂಬ ಮುಖಗಳು. ಎಂಜಿನಿಯರ್ ತಮ್ಮ ವಾದವನ್ನು ಚೆನ್ನಾಗಿ ಮಂಡಿಸಿದರು. ಆಧಾರ ಕೊಟ್ಟು ಕಾಯಿರಿ, ಇಳಿಸುವುದು ಕೊನೆಯ ಮಾರ್ಗವಾಗಲಿ. ಹಲವರು ತಲೆಯಾಡಿಸಿದರು. ಆಮೇಲೆ ಸಮಿತಿಯ ಹಿರಿಯರೊಬ್ಬರು, ಮಣ್ಣಿನ ತಜ್ಞರು, ನನ್ನನ್ನು ನೇರವಾಗಿ ಕೇಳಿದರು.

"ಮಳೆಗಾಲ ಮುಗಿಯುವವರೆಗೆ ಇದು ನಿಲ್ಲುತ್ತದೆಯೆ?"

ನಾನು ಅಳತೆಗಾರ್ತಿ. ನಿಲ್ಲುತ್ತದೆಯೋ ಬೀಳುತ್ತದೆಯೋ ಹೇಳುವುದು ನನ್ನ ಕೆಲಸವಲ್ಲ. ಹಾಗೆಂದು ಹೇಳಿ ಸುಮ್ಮನಾಗಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ಕಂಬವನ್ನು ವಾರವಾರವೂ ನೋಡುತ್ತಿದ್ದವಳು ಅಲ್ಲಿ ನಾನೊಬ್ಬಳೇ. ಉಳಿದವರೆಲ್ಲ ನೋಡಿದ್ದು ನಾನು ಮಾಡಿ ಕಳಿಸಿದ ಚಿತ್ರಗಳನ್ನು.

"ನನಗೆ ಗೊತ್ತಿಲ್ಲ" ಅಂದೆ. "ಆದರೆ ಅದು ವಾಲುವುದು ನಿಧಾನವಾಗುತ್ತಿಲ್ಲ. ನಿಲ್ಲುವ ಲಕ್ಷಣ ಒಂದೂ ನನಗೆ ಕಂಡಿಲ್ಲ. ಕಾಯಿರಿ ಎಂದು ನಾನು ಹೇಳಲಾರೆ."

ಮಣ್ಣಿನ ತಜ್ಞರು ಕನ್ನಡಕ ತೆಗೆದು ಒರೆಸಿಕೊಂಡರು. ವಾಸ್ತುಶಿಲ್ಪಿ ಮೊದಲ ಬಾರಿಗೆ ಬಾಯಿಬಿಟ್ಟು, "ಇಳಿಸೋಣ" ಅಂದರು. ಆ ಮಾತಿನ ಮೇಲೆಯೇ ತೀರ್ಮಾನ ಆಯಿತು.

ಇಳಿಸುವ ಕೆಲಸದಲ್ಲಿ ನನ್ನ ಪಾಲು ಮೇಜಿನ ಮೇಲಿನದು. ಕಂಪ್ಯೂಟರಿನಲ್ಲಿದ್ದ ಕಮಾನನ್ನು ಕಲ್ಲು ಕಲ್ಲಾಗಿ ಬಿಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟೆ. ಯಾವ ಕಲ್ಲು ಎಷ್ಟು ಓರೆಯಾಗಿದೆ, ಪಕ್ಕದ್ದಕ್ಕೆ ಎಲ್ಲೆಲ್ಲಿ ತಗುಲಿದೆ, ಅಂದಾಜು ತೂಕ ಎಷ್ಟು ಎಂದೆಲ್ಲ ಗುರುತಿಸಿದೆ. ಮತ್ತೆ ಕಟ್ಟುವಾಗ ಯಾರಿಗೂ ಊಹಿಸುವ ಪ್ರಮೇಯ ಬರಬಾರದು ಎನ್ನುವುದೊಂದೇ ನನ್ನ ಹಟ. ಅಲ್ಲಿ ಕಲ್ಲುಕುಟಿಗರು ಅದೇ ಸಂಖ್ಯೆಗಳ ತಗಡಿನ ಬಿಲ್ಲೆಗಳನ್ನು ಕಲ್ಲುಗಳಿಗೆ ಕಟ್ಟಿದರು. ಸುರಂಗಕ್ಕೆ ಎರಡೂ ಬದಿಯಿಂದ ಮರಳುಚೀಲ ತುಂಬಿದರು. ಚೀಲಗಳ ಮೇಲೆ ಮರದ ಚೌಕಟ್ಟು, ಚೌಕಟ್ಟಿಗೂ ಕಲ್ಲಿಗೂ ನಡುವೆ ಬೆಣೆಗಳು. ಕ್ರೇನನ್ನು ಮೇಲಿನ ಬಂಡೆಯ ಹಾಸಿನ ಮೇಲೆ ನಿಲ್ಲಿಸಿದರು, ತುಂಬಿದ ಮಣ್ಣಿನಿಂದ ದೂರ.

ಮೊದಲು ಕಮಾನಿನ ಮೇಲೆ ಕೂತಿದ್ದ ಮಣ್ಣು, ಪುಡಿಗಲ್ಲು ತೆಗೆದರು. ಆಮೇಲೆ ನೆತ್ತಿಯ ಕಲ್ಲು. ನಾವು ಮೂವರೂ, ಡೈರೆಕ್ಟರ್, ಎಂಜಿನಿಯರ್ ಮತ್ತು ನಾನು, ಆಫೀಸಿನಲ್ಲಿ ಪರದೆಯ ಮುಂದೆ ಕೂತು ನೋಡುತ್ತಿದ್ದೆವು. ಹೊರಗೆ ರಾಫೆಲ್ಸ್ ಪ್ಲೇಸಿನಲ್ಲಿ ಊಟ ಮುಗಿಸಿದವರು ಕಾಫಿ ಲೋಟ ಹಿಡಿದು ಆಫೀಸುಗಳಿಗೆ ಹಿಂದಿರುಗುವ ಹೊತ್ತು. ಅಲ್ಲಿ ಎಳೆ ಬಿಸಿಲು. ಕಲ್ಲಿಗೆ ಅಗಲವಾದ ಬಟ್ಟೆಯ ಪಟ್ಟಿ ಸುತ್ತಿ, ಕ್ರೇನಿನ ಕೊಕ್ಕೆಗೆ ಹಾಕಿ, ಮೆಲ್ಲಗೆ ಎತ್ತಿದರು. ಕಲ್ಲು ಒಂದು ಗೇಣು ಮೇಲೆ ಬಂತು. ಸಪ್ಪಳ ನಮಗೆ ಕೇಳಿಸಲಿಲ್ಲ. ಆ ಮುಖ ನಡುವೆ ಓರೆಯಾಗಿ ಸೀಳಿತು. ಹಣೆ, ಕಣ್ಣು ಪಟ್ಟಿಯಲ್ಲೇ ಉಳಿದವು. ಬಾಯಿ, ಗಲ್ಲದ ತುಂಡು ಜಾರಿ ಮರಳುಚೀಲದ ಮೇಲೆ ಬಿತ್ತು.

ಕ್ರೇನಿನವನು ಹಾಗೇ ನಿಲ್ಲಿಸಿದ. ಅಲ್ಲಿದ್ದವರು ಯಾರೂ ಅಲುಗಲಿಲ್ಲ. ವಾಸ್ತುಶಿಲ್ಪಿಯ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು.

ಎಂಜಿನಿಯರ್ ಎದ್ದು ನನ್ನ ಹಿಂದೆ ನಿಂತಿದ್ದರು. "ಯಾವಾಗ್ಲೋ ಒಳಗೇ ಬಿರುಕು ಬಿಟ್ಟಿತ್ತು ಅನ್ಸುತ್ತೆ" ಅಂದರು, ಬಹಳ ಮೆಲ್ಲಗೆ. "ಪಕ್ಕದ ಕಲ್ಲುಗಳು ಒತ್ತಿ ಹಿಡ್ಕೊಂಡಿದ್ವು. ಆ ಭಾರದಲ್ಲೇ ಅದು ಒಂದಾಗಿತ್ತು."

ನಾನು ತಿರುಗಿ ನೋಡಲಿಲ್ಲ. ನನ್ನ ಸ್ಕ್ಯಾನಿನಲ್ಲಿ ಆ ಬಿರುಕು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಲೇಸರ್ ಕಲ್ಲಿನ ಮೈಯನ್ನು ಮುಟ್ಟುತ್ತದೆ, ಒಳಕ್ಕೆ ಹೋಗುವುದಿಲ್ಲ. ಇದು ನನಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ಗೊತ್ತಿತ್ತು ಎನ್ನುವುದರಿಂದ ಆ ಮಧ್ಯಾಹ್ನ ನನಗೆ ಯಾವ ಸಮಾಧಾನವೂ ಸಿಗಲಿಲ್ಲ.

ಉಳಿದ ಕಲ್ಲುಗಳು ಮುಕ್ಕಾಗದೆ ಇಳಿದವು. ಕೊನೆಗೆ ಹೊರಗಂಬವನ್ನು ಬಿಚ್ಚಿದಾಗ ಅದರ ಹೊಟ್ಟೆ ಟೊಳ್ಳಾಗಿತ್ತು. ಹೊರಗೆ ಕಾಣುವ ಕಲ್ಲುಗಳ ಹಿಂದೆ ತುಂಬಿದ್ದ ಪುಡಿಗಲ್ಲು, ಮಣ್ಣು ನೀರಿನ ಜೊತೆ ಹೊರಟುಹೋಗಿತ್ತು. ಒಬ್ಬ ಕಲ್ಲುಕುಟಿಗ ತನ್ನ ತೋಳನ್ನು ಹೆಗಲಿನವರೆಗೆ ಒಳಗೆ ತೂರಿಸಿ ಕ್ಯಾಮೆರಾಗೆ ತೋರಿಸಿದ. ವಾಸ್ತುಶಿಲ್ಪಿ ಆವತ್ತು ನನಗೆ ಒಂದು ಸಾಲಿನ ಸಂದೇಶ ಕಳಿಸಿದರು: ನೀವು ಹೇಳಿದ್ದು ಸರಿ ಇತ್ತು. ನಾನು ಅದನ್ನು ಎಂಜಿನಿಯರ್‌ಗೆ ತೋರಿಸಿದೆ. ಅವರು ಓದಿ, ಹೌದು ಎಂದು ತಲೆಯಾಡಿಸಿ, ಫೋನ್ ವಾಪಸು ಕೊಟ್ಟರು.

ಆದರೆ ಆ ವರ್ಷ ವಸಂತದ ಮಳೆ ಅಲ್ಲಿ ಬರಲೇ ಇಲ್ಲ. ಬೇಸಿಗೆಯವರೆಗೂ ಒಣಹವೆ. ಇಳಿಜಾರು ಕುಸಿಯಲಿಲ್ಲ. ಮೊಳೆಗಳ ಗುರುತುಗಳು ಕೂಡ ಅಲುಗುವುದನ್ನು ನಿಲ್ಲಿಸಿದವು. ಎಂಜಿನಿಯರ್‌ಗೂ ಅದು ತಿಳಿದಿತ್ತು, ನನ್ನ ಹತ್ತಿರ ಎತ್ತಲಿಲ್ಲ. ನಾನೇ ಒಂದು ದಿನ ಕೇಳಿದೆ.

"ಸರ್, ಸಪೋರ್ಟ್ ಕೊಟ್ಟು ಬಿಟ್ಟಿದ್ರೆ ನಿಂತಿರ್ತಿತ್ತಲ್ವಾ?"

"ಈ ವರ್ಷ ನಿಂತಿರ್ತಿತ್ತು. ಹೊಟ್ಟೇಲಿ ಏನೂ ಇಲ್ದೇ ಇರೋ ಕಂಬ, ಮುಂದಿನ ಮಳೆಗೋ ಅದರ ಮುಂದಿನದಕ್ಕೋ ಗೊತ್ತಿಲ್ಲ. ಈ ವರ್ಷ ಮಾತ್ರ ನಿಂತಿರ್ತಿತ್ತು."

"ಆ ಮುಖ?"

"ಅದನ್ನ ಯಾವಾಗ ಎತ್ತಿದ್ರೂ ಒಡೀತಿತ್ತು ಮೇಡಂ. ಎತ್ತಬೇಕಿತ್ತಾ ಅನ್ನೋದೇ ಪ್ರಶ್ನೆ." ಆಮೇಲೆ, ನನ್ನ ಮುಖ ನೋಡಿ, "ನನ್ನ ಹತ್ರ ಉತ್ತರ ಇದ್ದಿದ್ರೆ ನಿಮಗೆ ಹೇಳದೆ ಇಟ್ಕೋತಿರ್ಲಿಲ್ಲ" ಅಂದರು.

ಇಷ್ಟೆಲ್ಲದರ ನಡುವೆ ಪ್ರದರ್ಶನದ ದಿನ ಹತ್ತಿರ ಬಂತು. ಪ್ರದರ್ಶನ ಕಟ್ಟುತ್ತಿದ್ದವರಿಗೆ ಆ ಕಮಾನೇ ಮುಖ್ಯ. ಅಲ್ಯೂಮಿನಿಯಂ ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು, ನಿಜವಾದ ಅಳತೆಯ ಕಮಾನು ಮಾಡಿ, ನಮ್ಮ ಸ್ಕ್ಯಾನಿನ ಚಿತ್ರವನ್ನು ಅದರ ಮೇಲೆ ಬೆಳಕಾಗಿ ಬೀಳಿಸುವುದು ಅವರ ಯೋಜನೆ. ಜನ ಅದರ ಕೆಳಗೆ ನಡೆದು ಒಳಗೆ ಬರಬೇಕು. ಕಮಾನು ಈಗ ಅಲ್ಲಿ ಇಲ್ಲ, ಅದನ್ನು ಬಿಚ್ಚಿ ಆಲಿವ್ ತೋಪಿನಲ್ಲಿ ಇಟ್ಟಿದೆ ಎಂದು ಬಾಗಿಲಲ್ಲೇ ಬರೆಯಬೇಕೆಂದು ನಾನು ಪಟ್ಟು ಹಿಡಿದೆ. ಅವರಿಗೆ ಇಷ್ಟವಿರಲಿಲ್ಲ. ಖುಷಿಯಾಗಿ ಬಂದವರನ್ನು ಮೊದಲೇ ಯಾಕೆ ಪೆಚ್ಚಾಗಿಸಬೇಕು, ಹೊರಹೋಗುವ ಬಾಗಿಲಲ್ಲಿ ಬರೆಯೋಣ ಅಂದರು. ಡೈರೆಕ್ಟರ್ ನನ್ನ ಪರ ನಿಂತರು. ಸಾಕಷ್ಟು ಮಾತುಕತೆಯಾಗಿ ಕಡೆಗೆ ಪ್ರದರ್ಶನದವರು ಒಪ್ಪಿದರು, ಅಕ್ಷರ ಮಾತ್ರ ಸಣ್ಣದಾಯಿತು.

ಪ್ರದರ್ಶನದ ಮೊದಲ ದಿನಕ್ಕೆ ವಾಸ್ತುಶಿಲ್ಪಿ ಸಿಂಗಪುರಕ್ಕೆ ಬಂದರು. ಪರದೆಯಲ್ಲಿ ಅಷ್ಟು ಸಲ ನೋಡಿದ್ದ ಮುಖ. ಎದುರಿಗೆ ನೋಡಿದಾಗ ಬಡವಾದಂತೆ ಕಂಡರು. ಏರ್‌ಪೋರ್ಟಿನಿಂದ ಬರುವಾಗ ಟ್ಯಾಕ್ಸಿಯಲ್ಲಿ ಊರಿನ ಸುದ್ದಿ ಹೇಳಿದರು. ಕಲ್ಲುಗಳನ್ನು ಆಲಿವ್ ಮರಗಳ ಕೆಳಗೆ ಮರದ ಹಲಗೆಗಳ ಮೇಲೆ ಜೋಡಿಸಿಟ್ಟಿದೆ. ಇಳಿಜಾರಿಗೆ ನೀರು ಬಸಿಯುವ ಕಾಲುವೆ ತೋಡುತ್ತಿದ್ದಾರೆ. ಒಡೆದ ಮುಖವನ್ನು ಒಳಗೆ ಉಕ್ಕಿನ ಸರಳು ಕೊಟ್ಟು ಕೂಡಿಸುವುದೋ, ಅದನ್ನು ಹಾಗೇ ಇಟ್ಟು ಕಮಾನಿಗೆ ಹೊಸ ಕಲ್ಲು ಕಡಿಯುವುದೋ ಇನ್ನೂ ತೀರ್ಮಾನವಾಗಿಲ್ಲ. ಮದುವೆಯವರು ಈಗಲೂ ಬರುತ್ತಾರಂತೆ, ಬಂದು ಬೇಲಿಯ ಹೊರಗಿನಿಂದ ಇಣುಕಿ ನೋಡಿ ಹೋಗುತ್ತಾರಂತೆ.

"ನಿಮ್ಮನ್ನು ಬೈಯುತ್ತಾರಾ?" ಅಂತ ಕೇಳಿದೆ.

"ನನ್ನ ಅಕ್ಕ ಬೈಯುತ್ತಾಳೆ. ಅವಳ ಮದುವೆಯ ಫೋಟೋ ಅಲ್ಲಿ ತೆಗೆದದ್ದು." ಕಿಟಕಿಯಾಚೆ ನೋಡುತ್ತಾ ಸೇರಿಸಿದರು. "ಇಳಿಸೋಣ ಅಂದದ್ದು ನಾನು. ನೀವು ಅಳತೆ ಹೇಳಿದಿರಿ. ಅದನ್ನು ನೀವು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ."

ಹಾಗಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಿದರೆ ಅವರ ಭಾರವೇನೂ ಇಳಿಯುವುದಿಲ್ಲ ಎಂದು ಸುಮ್ಮನಾದೆ.

ಸಭಾಂಗಣದಲ್ಲಿ ಆಗಲೇ ಜನ ಸೇರಿದ್ದರು. ಕತ್ತಲ ಕೋಣೆಯ ನಡುವೆ ಕಮಾನು ನಿಂತಿತ್ತು. ಜೇನುಬಣ್ಣದ ಕಲ್ಲು, ಸಂದುಗಳಲ್ಲಿ ಒಣಗಿದ ಹುಲ್ಲು, ನೆತ್ತಿಯಲ್ಲಿ ಮೂಗು ಸವೆದ ಮುಖ, ಇಡಿಯಾಗಿ. ನಾನು ಅಳೆದ ಬೆಳಗಿನ ಬಿಸಿಲು ಅದರ ಒಂದು ಮಗ್ಗುಲಿಗೆ ಬಿದ್ದಿತ್ತು. ಕೆಲಸ ಚೆನ್ನಾಗಿತ್ತು. ನನಗೆ ಅದನ್ನು ನೋಡುತ್ತಾ ನಿಲ್ಲುವುದು ಕಷ್ಟವಾಯಿತು.

ವಾಸ್ತುಶಿಲ್ಪಿ ಕಮಾನಿನ ಪಕ್ಕಕ್ಕೆ ಹೋಗಿ, ಹೊರಗಂಬ ಇರುವಲ್ಲಿ ನಿಂತರು. ಸಾಲಿನಲ್ಲಿ ನಿಂತ ಜನ ಒಬ್ಬೊಬ್ಬರಾಗಿ ಕೆಳಗೆ ಹಾದು ಹೋಗುತ್ತಿದ್ದರು. ವಯಸ್ಸಾದ ಚೀನಿ ಆಂಟಿಯೊಬ್ಬರು, ತೆಳ್ಳಗಿನ ಜೀವ, ಕೈಯಲ್ಲಿ ಬಟ್ಟೆಯ ಚೀಲ, ಮೇಲಿನ ಮುಖ ನೋಡಲು ಸರಿಯಾಗಿ ಅದರ ಕೆಳಗೇ ನಿಂತು ಕತ್ತೆತ್ತಿದರು. ಮುಂದಿನ ಕ್ಷಣ ವಾಸ್ತುಶಿಲ್ಪಿ ಎರಡು ಹೆಜ್ಜೆ ಮುಂದೆ ಹೋಗಿ, ಅವರ ತೋಳು ಹಿಡಿದು ಬಿರುಸಾಗಿ ತಮ್ಮ ಕಡೆಗೆ ಎಳೆದುಕೊಂಡರು.

ಚೀಲ ಕೆಳಗೆ ಬಿತ್ತು. ಸಾಲು ನಿಂತಿತು. ನಾನು ಓಡಿಹೋಗಿ ಚೀಲ ಎತ್ತಿ ಕೊಟ್ಟೆ, ಕ್ಷಮಿಸಿ ಅಂದೆ. ಆ ಆಂಟಿ ನಮ್ಮಿಬ್ಬರನ್ನೂ ನೋಡಿದರು, ಕಮಾನನ್ನೂ ನೋಡಿದರು.

"ಲೈಟ್ ಓನ್ಲಿ ಲಾ" ಅಂದರು ಸಿಂಗಪುರದ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಹೇಳುವಷ್ಟು ಮೆದುವಾಗಿ. "ನೆವರ್ ಮೈಂಡ್."

ವಾಸ್ತುಶಿಲ್ಪಿಗೆ ಅವರ ಇಂಗ್ಲಿಷು ತಿಳಿಯಿತೋ ಇಲ್ಲವೋ. ತೋಳನ್ನು ಇನ್ನೂ ಹಿಡಿದೇ ಇದ್ದರು. ಆ ಆಂಟಿ ಬಿಡಿಸಿಕೊಳ್ಳಲಿಲ್ಲ. ಹಿಂದೆ ನಿಂತವರು ಕಾದರು. ಕೊನೆಗೆ ಇಬ್ಬರೂ ಹಾಗೇ, ಒಬ್ಬರ ತೋಳನ್ನು ಒಬ್ಬರು ಹಿಡಿದು, ಕಮಾನಿನ ಕೆಳಗೆ ನಿಧಾನವಾಗಿ ಆಚೆಗೆ ನಡೆದರು.